ಸಕ್ಕರೆ ಬಿಟ್ರೆ ಕ್ಯಾನ್ಸರ್ ಉಪವಾಸ ಬೀಳುತ್ತಾ? ಒಂದು ಪೊಟ್ಟಣದ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

 

ಹೋದ ಸಂಚಿಕೆಯಲ್ಲಿ ಆರೋಗ್ಯ ವಿಮೆ ಬಗ್ಗೆ ಮಾತಾಡಿದ್ವಿ. ಅದನ್ನ ಕೇಳಿದ ತುಂಬಾ ಜನ ಒಂದೇ ಥರದ ಮೆಸೇಜ್ ಕಳಿಸಿದ್ರು: "ಮನೆಯಲ್ಲಿ ಕ್ಯಾನ್ಸರ್ ಪೇಷೆಂಟ್ ಇದ್ದಾರೆ, ಸಕ್ಕರೆ ಕೊಡಬಹುದಾ? ಲೋ ಜಿಐ ಸಕ್ಕರೆ ಅಂತ ಬರುತ್ತಲ್ಲ, ಅದು ಪರವಾಗಿಲ್ವಾ?" ಉತ್ತರ ಬರೆಯೋಕೆ ಕೂತೆ. ಎರಡು ಸಾಲಲ್ಲಿ ಮುಗಿಯೋ ಮಾತಲ್ಲ ಅನ್ನಿಸ್ತು. ಇನ್ನೊಂದು ಕಾರಣವೂ ಇದೆ. ಈ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೀನಿ. ಮೊದಲು ಅದನ್ನ ಹೇಳಿಬಿಡ್ತೀನಿ.

ಒಂದು ವಿಷಯ ಸ್ಪಷ್ಟವಾಗಿರಲಿ. ನಾನು ಡಾಕ್ಟರ್ ಅಲ್ಲ, ಬಿ.ಕಾಂ ಓದಿದವನು. ನನಗೆ ಗೊತ್ತಿರೋದು ಲೆಡ್ಜರ್, ಲೇಬಲ್, ಲೆಕ್ಕ. ಹಾಗಾಗಿ ಇವತ್ತು ನಾನು ಹೇಳೋದು ಯಾವುದೂ ಚಿಕಿತ್ಸೆಯ ಸಲಹೆ ಅಲ್ಲ. ನಾನು ಓದಿ ತಿಳ್ಕೊಂಡಿದ್ದನ್ನ ನಿಮ್ಮ ಮುಂದೆ ಇಡ್ತೀನಿ. ನಿಮ್ಮ ಡಾಕ್ಟರ್ ಹತ್ರ ಕೇಳೋ ಪ್ರಶ್ನೆ ಇದರಿಂದ ಸ್ವಲ್ಪ ಚುರುಕಾದ್ರೆ ಸಾಕು.

ವಿಷಯಕ್ಕೆ ಬರೋಣ.

ನಮ್ಮ ದೊಡ್ಡಮ್ಮ ತಿಪಟೂರು ಕಡೆಯವರು. ಮನೆ ಹಿಂದೆ ತೆಂಗಿನ ತೋಟ. ಎರಡು ವರ್ಷದ ಹಿಂದೆ ಅವರಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಯ್ತು. ಆಪರೇಷನ್ ಆಯ್ತು, ಆಮೇಲೆ ಮೂರು ವಾರಕ್ಕೊಂದರಂತೆ ಕೀಮೋ ಶುರುವಾಯ್ತು. ಆಗ ಬೆಂಗಳೂರಲ್ಲಿ ನನ್ನ ರೂಮಿನ ಹತ್ತಿರವೇ ಮನೆ ಮಾಡಿಕೊಂಡು ಇದ್ರು. ನಾನು ಮನೆಯ "ಇಂಟರ್ನೆಟ್ ಗೊತ್ತಿರೋ ಹುಡುಗ". ಎಲ್ಲ ಮನೆಯಲ್ಲೂ ಒಬ್ಬ ಇರ್ತಾನಲ್ಲ, ಅವನು. "ಸಕ್ಕರೆಯೇ ಕ್ಯಾನ್ಸರ್‌ನ ಆಹಾರ, ಸಕ್ಕರೆ ನಿಲ್ಲಿಸಿ, ಕ್ಯಾನ್ಸರ್ ಸಾಯುತ್ತೆ" ಅನ್ನೋ ವಿಡಿಯೋ ನೋಡಿದೆ. ನೋಡಿ ಸುಮ್ಮನಾಗಲಿಲ್ಲ, ಫ್ಯಾಮಿಲಿ ಗ್ರೂಪಿಗೆ ಹಾಕಿದೆ.

ಮಾರನೇ ದಿನದಿಂದ ದೊಡ್ಡಮ್ಮನ ಕಾಫಿಗೆ ಸಕ್ಕರೆ ನಿಂತಿತು. ಆಮೇಲೆ ಅನ್ನ ನಿಂತಿತು. ಬಾಳೆಹಣ್ಣು ನಿಂತಿತು. ಅವರಿಗೆ ಕೀಮೋದಿಂದ ಬಾಯಿ ರುಚಿ ಮೊದಲೇ ಕೆಟ್ಟಿತ್ತು, ಎಲ್ಲ ಕಬ್ಬಿಣ ಕಚ್ಚಿದ ಹಾಗೆ ಅನ್ನಿಸುತ್ತೆ ಅಂತಿದ್ರು. ಏನೂ ಸೇರ್ತಿಲ್ಲ ಅಂದಾಗ ನಾನೇ ಆನ್‌ಲೈನಲ್ಲಿ ತೆಂಗಿನ ಸಕ್ಕರೆ ತರಿಸಿದೆ. ಪೊಟ್ಟಣದ ಮೇಲೆ ದೊಡ್ಡ ಅಕ್ಷರದಲ್ಲಿ "ಲೋ ಗ್ಲೈಸೆಮಿಕ್". ಅರ್ಧ ಕೆಜಿಗೆ 420 ರೂಪಾಯಿ. ದೊಡ್ಡಮ್ಮ ಪೊಟ್ಟಣ ತಿರುಗಿಸಿ ನೋಡಿ ಕೇಳಿದ್ರು, "ಇದು ನಮ್ ತೋಟದ ತೆಂಗಿಂದೇ ಅಲ್ವೇನೋ ಮಗಾ? ಇದಕ್ಕೆ ಇಷ್ಟ್ ದುಡ್ಡಾ?"

ಎರಡೂವರೆ ತಿಂಗಳಲ್ಲಿ ಅವರ ತೂಕ 61 ಕೆಜಿಯಿಂದ 52ಕ್ಕೆ ಇಳಿಯಿತು. ನಾಲ್ಕನೇ ಕೀಮೋ ಒಂದು ವಾರ ಮುಂದಕ್ಕೆ ಹೋಯ್ತು, ಬಿಳಿ ರಕ್ತಕಣ ಕಡಿಮೆ ಇದೆ ಅಂತ. ಅದಕ್ಕೆ ಊಟವೇ ಕಾರಣ ಅಂತ ಡಾಕ್ಟರ್ ಹೇಳಲಿಲ್ಲ, ನಾನೂ ಹಾಗೆ ಹೇಳೋಕೆ ಹೋಗಲ್ಲ. ಆದ್ರೆ ತೂಕ ನೋಡಿದ ಕೂಡಲೇ ನಮ್ಮನ್ನ ಡಯಟೀಷಿಯನ್ ಹತ್ರ ಕಳಿಸಿದ್ರು. ಆಕೆ ಪಟ್ಟಿ ನೋಡಿ ಕೇಳಿದ್ದು ಒಂದೇ ಮಾತು: "ಅನ್ನ, ಹಣ್ಣು ಬಿಡಿ ಅಂತ ನಿಮಗೆ ಹೇಳಿದ್ದು ಯಾರು?"

ದೊಡ್ಡಮ್ಮ ನನ್ನ ಕಡೆ ನೋಡಲೇ ಇಲ್ಲ. "ಯಾರೋ ಹೇಳಿದ್ರಮ್ಮ" ಅಂದ್ರು. ಆ "ಯಾರೋ" ಪಕ್ಕದ ಕುರ್ಚಿಯಲ್ಲೇ ಕೂತಿದ್ದ.

ಅವತ್ತು ರಾತ್ರಿಯಿಂದ ನಾನು ಓದೋಕೆ ಶುರು ಮಾಡಿದೆ. ಇವತ್ತಿನ ಸಂಚಿಕೆ ಆ ಓದಿನದ್ದು.

ಮೊದಲ ಪ್ರಶ್ನೆ. ಈ ಸಕ್ಕರೆ-ಕ್ಯಾನ್ಸರ್ ಮಾತು ಪೂರ್ತಿ ಸುಳ್ಳಾ? ಅಲ್ಲ. ಅದರ ಬೇರು ನಿಜವಾದ ವಿಜ್ಞಾನದಲ್ಲೇ ಇದೆ. 1920ರ ದಶಕದಲ್ಲಿ ಜರ್ಮನಿಯ ಒಟ್ಟೋ ವಾರ್ಬರ್ಗ್ ಅನ್ನೋ ವಿಜ್ಞಾನಿ ಒಂದು ವಿಷಯ ಗಮನಿಸಿದ್ರು. ಕ್ಯಾನ್ಸರ್ ಗೆಡ್ಡೆಯ ಕೋಶಗಳು ಗ್ಲೂಕೋಸನ್ನ ಬಹಳ ವೇಗವಾಗಿ ಬಳಸ್ತವೆ. ಆಮ್ಲಜನಕ ಬೇಕಾದಷ್ಟು ಇದ್ರೂ ಅದನ್ನ ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲ ಮಾಡ್ತವೆ. ಇದಕ್ಕೆ ಇವತ್ತಿಗೂ ವಾರ್ಬರ್ಗ್ ಪರಿಣಾಮ ಅಂತಲೇ ಹೆಸರು. ಪೆಟ್ ಸ್ಕ್ಯಾನ್ ಕೆಲಸ ಮಾಡೋದೂ ಇದೇ ಗುಣದ ಮೇಲೆ. ಸ್ಕ್ಯಾನಿಗೆ ಮೊದಲು ಹೊಟ್ಟೆ ಖಾಲಿ ಇಟ್ಟುಕೊಂಡು ಬರೋಕೆ ಹೇಳ್ತಾರೆ. ವಿಕಿರಣ ಸೂಸುವ ಫ್ಲೋರಿನ್ ಅಂಟಿಸಿದ, ಗ್ಲೂಕೋಸ್‌ನಂಥದ್ದೇ ಒಂದು ಅಣುವನ್ನ ರಕ್ತಕ್ಕೆ ಬಿಡ್ತಾರೆ. ಗ್ಲೂಕೋಸನ್ನ ಹೆಚ್ಚು ಎಳೆದುಕೊಳ್ಳೋ ಜಾಗ ಚಿತ್ರದಲ್ಲಿ ಹೊಳೆಯುತ್ತೆ. ಆದ್ರೆ ಆ ಚಿತ್ರದಲ್ಲಿ ಕ್ಯಾನ್ಸರ್ ಒಂದೇ ಹೊಳೆಯಲ್ಲ, ಮಿದುಳೂ ಜೋರಾಗಿ ಹೊಳೆಯುತ್ತೆ. ಯಾಕೆಂದ್ರೆ ಅದೂ ಗ್ಲೂಕೋಸನ್ನೇ ನಂಬಿಕೊಂಡಿರೋದು. ದಿನಕ್ಕೆ ಸುಮಾರು 120 ಗ್ರಾಂ ಬೇಕು ಅದಕ್ಕೆ.

ಹಾಗಾದ್ರೆ ಬಾಯಿಗೆ ಸಕ್ಕರೆ ಹಾಕೋದು ನಿಲ್ಲಿಸಿದ್ರೆ ಗೆಡ್ಡೆಗೆ ಗ್ಲೂಕೋಸ್ ನಿಲ್ಲಬೇಕಲ್ವಾ? ಇಲ್ಲೇ ನಾನು ಎಡವಿದ್ದು. ನಮ್ಮ ಇಡೀ ರಕ್ತದಲ್ಲಿ ಯಾವುದೇ ಹೊತ್ತಿಗೆ ಇರೋ ಗ್ಲೂಕೋಸ್ ನಾಲ್ಕೈದು ಗ್ರಾಂ, ಅಂದ್ರೆ ಒಂದು ಟೀ ಚಮಚದಷ್ಟು. ಅದನ್ನ ಕೆಳಗೆ ಬೀಳೋಕೆ ದೇಹ ಬಿಡಲ್ಲ. ನನ್ನ ಭಾಷೆಯಲ್ಲಿ ಹೇಳ್ತೀನಿ. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಇಷ್ಟು ನಗದು ಇರಲೇಬೇಕು ಅಂತ ಲಿವರ್ ಹಟ ಹಿಡಿದು ಕೂತಿರುತ್ತೆ. ವ್ಯಾಪಾರ ನಿಂತ್ರೆ ಮೊದಲು ತನ್ನ ಉಳಿತಾಯ ತೆಗೆಯುತ್ತೆ. ಅದೂ ಮುಗಿದ್ರೆ ಮನೆಯ ಒಡವೆ ಮಾರುತ್ತೆ. ಆ ಒಡವೆ ಯಾವುದು ಗೊತ್ತಾ? ನಮ್ಮ ಸ್ನಾಯು. ಸ್ನಾಯುವಿನ ಪ್ರೋಟೀನ್ ಕರಗಿಸಿ ಲಿವರ್ ಗ್ಲೂಕೋಸ್ ಮಾಡುತ್ತೆ. ಗೆಡ್ಡೆಗೆ ಅದರ ಪಾಲು ಸಿಕ್ಕೇ ಸಿಗುತ್ತೆ. ಸೊರಗೋದು ಪೇಷೆಂಟ್. ದೊಡ್ಡಮ್ಮ ಕಳಕೊಂಡ ಆ ಒಂಬತ್ತು ಕೆಜಿಯಲ್ಲಿ ಎಷ್ಟೋ ಪಾಲು ಒಡವೆಯೇ ಇರಬೇಕು.

ಇನ್ನು ಎರಡನೇ ಪ್ರಶ್ನೆ, ಪೊಟ್ಟಣದ ಮೇಲಿನ ಆ ಮಾತು. ಗ್ಲೈಸೆಮಿಕ್ ಇಂಡೆಕ್ಸ್ ಅಂದ್ರೆ ಏನು?

1981ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಅವರ ಜೊತೆಯವರು ಇದನ್ನ ತಂದ್ರು, ಸಕ್ಕರೆ ಕಾಯಿಲೆ ಇರೋರಿಗೆ ಅನುಕೂಲ ಆಗಲಿ ಅಂತ. ವಿಧಾನ ಸರಳ. 50 ಗ್ರಾಂ ಕಾರ್ಬೋಹೈಡ್ರೇಟ್ ಸಿಗುವಷ್ಟು ಆಹಾರವನ್ನ ಆರೋಗ್ಯವಂತರಿಗೆ ತಿನ್ನಿಸ್ತಾರೆ, ಎರಡು ಗಂಟೆ ರಕ್ತದ ಗ್ಲೂಕೋಸ್ ಎಷ್ಟು ಏರಿತು ಅಂತ ಅಳೀತಾರೆ. ಬರೀ ಗ್ಲೂಕೋಸ್ ಕೊಟ್ಟಾಗಿನ ಏರಿಕೆಯನ್ನ 100 ಅಂತ ಇಟ್ಟುಕೊಂಡು ಹೋಲಿಸ್ತಾರೆ. 55 ಅಥವಾ ಅದಕ್ಕಿಂತ ಕಡಿಮೆ ಬಂದ್ರೆ "ಲೋ", 70 ದಾಟಿದ್ರೆ "ಹೈ". ನಮ್ಮ ಮಾಮೂಲಿ ಸಕ್ಕರೆ 65ರ ಆಸುಪಾಸು.

ಗಮನಿಸಿ, ಇದು ವೇಗದ ಅಳತೆ. ಎಷ್ಟು ಬೇಗ, ಎಷ್ಟು ಎತ್ತರಕ್ಕೆ ಏರಿತು ಅನ್ನೋದು ಮಾತ್ರ. ಕ್ಯಾಲೊರಿ ಕಡಿಮೆ ಅಂತಲೂ ಅಲ್ಲ, ಪೌಷ್ಟಿಕ ಅಂತಲೂ ಅಲ್ಲ, ಕ್ಯಾನ್ಸರ್‌ಗೆ ಒಳ್ಳೇದು ಅಂತ ಖಂಡಿತ ಅಲ್ಲ. ನಾನು ಓದದೆ ಬಿಟ್ಟಿದ್ದು ಇಷ್ಟನ್ನೇ.

ಈಗ ಅಡುಗೆಮನೆ ಶೆಲ್ಫಿಗೆ ಬನ್ನಿ, ಒಂದೊಂದಾಗಿ ನೋಡೋಣ.

ಬೆಲ್ಲ. ನಮ್ಮ ಪ್ರೀತಿಯ ಬೆಲ್ಲ. ಸ್ವಲ್ಪ ಖನಿಜಾಂಶ ಇದೆ, ರುಚಿ ಇದೆ. ಆದ್ರೆ ಅದರ ಬಹುಪಾಲು ಸುಕ್ರೋಸ್, ಅಂದ್ರೆ ಸಕ್ಕರೆಯೇ. ಬೆಲ್ಲದ ಕಾಫಿ ಅನ್ನೋ ಹೆಸರಿಗೆ ಜಿಐ ಇಳಿಯಲ್ಲ.

ತೆಂಗಿನ ಸಕ್ಕರೆ. ತೆಂಗಿನ ನೀರಾ ಕುದಿಸಿ ಮಾಡೋದು. ಇದರಲ್ಲೂ ಹೆಚ್ಚಿನ ಪಾಲು ಸುಕ್ರೋಸ್. ಫಿಲಿಪ್ಪೀನ್ಸ್‌ನಲ್ಲಿ ಅಳೆದಾಗ ಜಿಐ 35 ಬಂತು, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಅಳೆದಾಗ 54. ಒಂದೇ ಹೆಸರಿನ ವಸ್ತು, ಎರಡು ಊರು, ಎರಡು ಲೆಕ್ಕ. ಅಳೆಯೋದು ಸಾಮಾನ್ಯವಾಗಿ ಹತ್ತು ಹನ್ನೆರಡು ಜನರ ಮೇಲೆ, ಹಾಗಾಗಿ ಇಷ್ಟು ವ್ಯತ್ಯಾಸ ಬರೋದು ಆಶ್ಚರ್ಯ ಅಲ್ಲ. ಪೊಟ್ಟಣದ ಮೇಲೆ ಯಾವುದನ್ನ ಹಾಕ್ತಾರೆ ಅಂತ ವ್ಯಾಪಾರ ಗೊತ್ತಿರೋರಿಗೆ ಹೇಳಬೇಕಿಲ್ಲ.

ಐಸೊಮಾಲ್ಟುಲೋಸ್. ಇದು ಸ್ವಾರಸ್ಯ ಇರೋ ಸಕ್ಕರೆ. ಸುಕ್ರೋಸ್‌ನಲ್ಲಿರೋ ಗ್ಲೂಕೋಸ್, ಫ್ರಕ್ಟೋಸ್ ಇದರಲ್ಲೂ ಇವೆ, ಆದ್ರೆ ಅವೆರಡನ್ನ ಬೆಸೆದಿರೋ ಕೊಂಡಿ ಬೇರೆ. ಸಣ್ಣ ಕರುಳು ಆ ಕೊಂಡಿಯನ್ನ ನಿಧಾನವಾಗಿ ಬಿಡಿಸುತ್ತೆ. ಜಿಐ 32. ನಿಜವಾಗಿಯೂ ಲೋ. ಆದ್ರೆ ಕೊನೆಗೆ ಪೂರ್ತಿ ಜೀರ್ಣ ಆಗುತ್ತೆ, ಗ್ರಾಂಗೆ ಅದೇ 4 ಕ್ಯಾಲೊರಿ. ಸಿಹಿ ಮಾತ್ರ ಸಕ್ಕರೆಯ ಅರ್ಧದಷ್ಟು. ಒಂದು ಚಮಚ ಹಾಕೋರು ಎರಡು ಹಾಕ್ತಾರೆ.

ಅಲ್ಯುಲೋಸ್. ಸಿಹಿ ಸಕ್ಕರೆಯ ಸುಮಾರು 70 ಭಾಗ, ಕ್ಯಾಲೊರಿ ಗ್ರಾಂಗೆ 0.4 ಮಾತ್ರ. ದೇಹ ಇದನ್ನ ಹೀರಿಕೊಂಡು, ಬಹುಪಾಲು ಬಳಸದೆ ಹೊರಗೆ ಹಾಕುತ್ತೆ. 2019ರಲ್ಲಿ ಅಮೆರಿಕದ ಎಫ್‌ಡಿಎ ಇದನ್ನ ಲೇಬಲ್‌ನ "ಒಟ್ಟು ಸಕ್ಕರೆ" ಲೆಕ್ಕದಿಂದ ಹೊರಗಿಡಬಹುದು ಅಂತ ಹೇಳಿತು. ಸಕ್ಕರೆ ಕಾಯಿಲೆ ಇರೋರಿಗೆ, ತೂಕ ಇಳಿಸೋರಿಗೆ ಇದು ಉಪಯೋಗದ ಮಾತು. ಕೀಮೋದಲ್ಲಿ ತೂಕ ಕಳಕೊಳ್ತಾ ಇರೋರಿಗೆ ಕ್ಯಾಲೊರಿ ಇಲ್ಲದ ಸಿಹಿಯಿಂದ ಏನು ಪ್ರಯೋಜನ, ನೀವೇ ಹೇಳಿ.

ಫ್ರಕ್ಟೋಸ್, ಅದು ಹೆಚ್ಚಾಗಿರೋ ಅಗಾವೆ ಸಿರಪ್. ಜಿಐ ತುಂಬಾ ಕಡಿಮೆ, ಬರೀ ಫ್ರಕ್ಟೋಸ್ ಆದ್ರೆ 20ರ ಹತ್ತಿರ. ಯಾಕೆಂದ್ರೆ ಜಿಐ ಅಳೆಯೋದು ರಕ್ತದ ಗ್ಲೂಕೋಸನ್ನ, ಫ್ರಕ್ಟೋಸ್ ಬೇರೆ ದಾರಿಯಲ್ಲಿ ಹೋಗುತ್ತೆ. ಇದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಈಗಲೇ ಬೇಕಾಗುತ್ತೆ.

ಈಗ ಮೂರನೇ ಪ್ರಶ್ನೆ, ನನಗೆ ತುಂಬಾ ಹಿಡಿಸಿದ ಭಾಗ. ವಿಜ್ಞಾನಿಗಳು ಸಕ್ಕರೆ ಮತ್ತು ಕ್ಯಾನ್ಸರ್ ಔಷಧಿಯನ್ನ ನಿಜಕ್ಕೂ ಜೊತೆಗಿಟ್ಟು ನೋಡಿದಾಗ ಏನು ಸಿಕ್ಕಿತು? 2018, 2019ರಲ್ಲಿ ಬಂದ ಮೂರು ಸಂಶೋಧನೆ ಹೇಳ್ತೀನಿ. ಮೂರೂ ಇಲಿಗಳ ಮೇಲೆ ನಡೆದವು, ಅದನ್ನ ಮರೀಬೇಡಿ.

ಮೊದಲನೆಯದು 2019ರಲ್ಲಿ "ಸೈನ್ಸ್" ಪತ್ರಿಕೆಯಲ್ಲಿ ಬಂದದ್ದು. ಕರುಳಿನ ಗೆಡ್ಡೆ ಬರುವ ಜೀನ್ ದೋಷ ಇರೋ ಇಲಿಗಳಿಗೆ ದಿನಾ ಸ್ವಲ್ಪ ಫ್ರಕ್ಟೋಸ್ ಭರಿತ ಜೋಳದ ಸಿರಪ್ ಕುಡಿಸಿದ್ರು. ನಮ್ಮ ಲೆಕ್ಕದಲ್ಲಿ ದಿನಕ್ಕೊಂದು ಕ್ಯಾನ್ ತಂಪು ಪಾನೀಯದಷ್ಟು. ಇಲಿಗಳು ದಪ್ಪ ಆಗಲಿಲ್ಲ, ಆದ್ರೆ ಗೆಡ್ಡೆಗಳು ದೊಡ್ಡದಾದವು. ಅಂದ್ರೆ ಜಿಐ ಪಟ್ಟಿಯಲ್ಲಿ ಒಳ್ಳೇ ಹುಡುಗ ಅನ್ನಿಸಿಕೊಂಡ ಫ್ರಕ್ಟೋಸ್, ಇಲ್ಲಿ ಹಾಗೆ ಕಾಣಲಿಲ್ಲ.

ಎರಡನೆಯದು 2018ರಲ್ಲಿ "ನೇಚರ್" ಪತ್ರಿಕೆಯಲ್ಲಿ ಬಂದದ್ದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವಿಜ್ಞಾನಿಗಳದ್ದು. ಮ್ಯಾನೋಸ್ ಅಂತ ಒಂದು ಸಕ್ಕರೆ. ಇಲಿಗಳ ಕುಡಿಯೋ ನೀರಿಗೆ ಸೇರಿಸಿದಾಗ ಕೆಲವು ಗೆಡ್ಡೆಗಳ ಬೆಳವಣಿಗೆ ನಿಧಾನ ಆಯ್ತು, ಕೀಮೋ ಹೆಚ್ಚು ಕೆಲಸ ಮಾಡಿತು. ಗ್ಲೂಕೋಸ್ ಹೋಗೋ ಬಾಗಿಲಲ್ಲೇ ಮ್ಯಾನೋಸ್ ಒಳಗೆ ಹೋಗಿ, ಅಲ್ಲಿ ಜಮೆಯಾಗಿ, ಗ್ಲೂಕೋಸಿನ ಕೆಲಸಕ್ಕೆ ಅಡ್ಡ ನಿಲ್ಲುತ್ತೆ. ಆದ್ರೆ ಎಲ್ಲ ಗೆಡ್ಡೆಯಲ್ಲೂ ಅಲ್ಲ. ಮ್ಯಾನೋಸನ್ನ ಅರಗಿಸೋ ಒಂದು ಕಿಣ್ವ ಕಡಿಮೆ ಇರೋ ಗೆಡ್ಡೆಗಳಲ್ಲಿ ಮಾತ್ರ. ಪೇಷೆಂಟುಗಳು ತಾವಾಗಿಯೇ ಮ್ಯಾನೋಸ್ ಕೊಂಡು ತಿನ್ನೋಕೆ ಹೋಗಬೇಡಿ ಅಂತ ಸಂಶೋಧಕರೇ ಎಚ್ಚರಿಕೆ ಕೊಟ್ಟರು.

ಮೂರನೆಯದು ನನ್ನ ಮಟ್ಟಿಗೆ ಮುಖ್ಯವಾದದ್ದು. ಅದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ನಮ್ಮ ಕೋಶಗಳಲ್ಲಿ ಪಿಐ3ಕೆ ಅಂತ ಒಂದು ಕಿಣ್ವ ಇದೆ. ಊಟ ಆದ ಮೇಲೆ ಇನ್ಸುಲಿನ್ ಬಂದು ಬಾಗಿಲು ತಟ್ಟುತ್ತಲ್ಲ, ಆ ಸುದ್ದಿಯನ್ನ ಕೋಶದ ಒಳಗೆ ಮುಟ್ಟಿಸೋದು ಇದು. ಅಮೆರಿಕದ ಲೂಯಿಸ್ ಕ್ಯಾಂಟ್ಲಿ ಮತ್ತು ಜೊತೆಯವರು 1980ರ ದಶಕದಲ್ಲಿ ಇದನ್ನ ಕಂಡುಹಿಡಿದ್ರು. ಎಷ್ಟೋ ಸ್ತನ ಕ್ಯಾನ್ಸರ್‌ಗಳಲ್ಲಿ ಇದರ ಜೀನ್ ಕೆಟ್ಟು, ಯಾರೂ ತಟ್ಟದಿದ್ರೂ "ಬೆಳೀರಿ, ಬೆಳೀರಿ" ಅಂತ ಕೂಗ್ತಾನೇ ಇರುತ್ತೆ. ಅದರ ಬಾಯಿ ಮುಚ್ಚಿಸೋ ಔಷಧಿ ಮಾಡಿದ್ರೆ? ಆಲ್ಪೆಲಿಸಿಬ್ ಅಂತ ಒಂದು ಮಾತ್ರೆ ಬಂತು. ಅಮೆರಿಕದಲ್ಲಿ ಮಂಜೂರಾದದ್ದು 2019ರ ಮೇ ತಿಂಗಳಲ್ಲಿ. ಕಿಣ್ವ ಸಿಕ್ಕಿದ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು.

ಮುಂದುವರಿದ ಸ್ತನ ಕ್ಯಾನ್ಸರ್‌ನಲ್ಲಿ, ಈ ಜೀನ್ ಕೆಟ್ಟಿರೋರಲ್ಲಿ, ಹಾರ್ಮೋನ್ ಚಿಕಿತ್ಸೆ ಜೊತೆ ಇದನ್ನ ಕೊಟ್ಟಾಗ ಕಾಯಿಲೆ ಉಲ್ಬಣಿಸದೆ ಇದ್ದ ಅವಧಿಯ ಮಧ್ಯಮ ಸಂಖ್ಯೆ 11 ತಿಂಗಳು. ಹಾರ್ಮೋನ್ ಚಿಕಿತ್ಸೆ ಮಾತ್ರ ಪಡೆದವರಲ್ಲಿ 5.7 ತಿಂಗಳು. ಕಾಯಿಲೆ ಪೂರ್ತಿ ವಾಸಿಯಾಗಲ್ಲ, ಆದ್ರೆ ಸಮಯ ಸುಮಾರು ಎರಡು ಪಟ್ಟು. ಜೊತೆಗೆ ಇನ್ನೊಂದು ಸಂಖ್ಯೆಯೂ ಬಂತು. ಔಷಧಿ ತೆಗೆದುಕೊಂಡ ನೂರರಲ್ಲಿ 60ಕ್ಕೂ ಹೆಚ್ಚು ಜನರಿಗೆ ರಕ್ತದಲ್ಲಿ ಸಕ್ಕರೆ ಏರಿತು.

ಯಾಕೆ? ಔಷಧಿ ಗೆಡ್ಡೆಯ ಕಿಣ್ವವನ್ನ ಮಾತ್ರ ಅಲ್ಲ, ಲಿವರ್, ಸ್ನಾಯುವಿನ ಕಿಣ್ವವನ್ನೂ ತಡೆಯುತ್ತೆ. ಅವಕ್ಕೆ ಇನ್ಸುಲಿನ್ ಮಾತು ಕೇಳಿಸಲ್ಲ, ಸಕ್ಕರೆ ರಕ್ತದಲ್ಲೇ ಉಳಿಯುತ್ತೆ. ಮೇದೋಜೀರಕ ಗಾಬರಿಯಾಗಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತೆ. ಆ ಇನ್ಸುಲಿನ್ ಹೋಗಿ ಗೆಡ್ಡೆಯೊಳಗೆ ಮತ್ತೆ ಅದೇ ದಾರಿಯನ್ನ ಎಬ್ಬಿಸುತ್ತೆ. ಮುಂಬಾಗಿಲು ಹಾಕಿ ಹಿತ್ತಲ ಬಾಗಿಲು ತೆಗೆದಿಟ್ಟ ಹಾಗೆ.

ಕ್ಯಾಂಟ್ಲಿ ತಂಡ 2018ರಲ್ಲಿ "ನೇಚರ್"ನಲ್ಲಿ ತೋರಿಸಿದ್ದು ಇದನ್ನೇ. ಇಲಿಗಳಿಗೆ ಈ ಥರದ ಔಷಧಿ ಜೊತೆ ಇನ್ಸುಲಿನ್ ಏರದಂತೆ ನೋಡಿಕೊಂಡಾಗ ಔಷಧಿ ಹೆಚ್ಚು ಚೆನ್ನಾಗಿ ಕೆಲಸ ಮಾಡಿತು. ಒಂದು ಪ್ರಯೋಗದಲ್ಲಿ ಕೀಟೊ ಆಹಾರ, ಇನ್ನೊಂದರಲ್ಲಿ ಸಕ್ಕರೆಯನ್ನ ಮೂತ್ರದಲ್ಲಿ ಹೊರಹಾಕೋ ಡಯಾಬಿಟಿಸ್ ಮಾತ್ರೆ. ಇಲ್ಲಿಗೆ ನಿಲ್ಲಿಸಿದ್ರೆ ಮತ್ತೊಂದು ವಿಡಿಯೋ ಆಗುತ್ತೆ, "ಕೀಟೊ ಮಾಡಿ, ಕ್ಯಾನ್ಸರ್ ಓಡಿಸಿ" ಅಂತ. ಆದ್ರೆ ಅದೇ ಸಂಶೋಧನೆಯಲ್ಲಿ, ಒಂದು ಬಗೆಯ ರಕ್ತ ಕ್ಯಾನ್ಸರ್ ಇದ್ದ ಇಲಿಗಳಿಗೆ ಔಷಧಿ ಇಲ್ಲದೆ ಬರೀ ಕೀಟೊ ಆಹಾರ ಕೊಟ್ಟಾಗ ಕಾಯಿಲೆ ಇನ್ನೂ ಬೇಗ ಬೆಳೆಯಿತು.

ಇದನ್ನ ಓದಿದಾಗ ನನಗೆ ಬೆವರು ಬಂತು. ಒಂದೇ ಪಥ್ಯ. ಒಂದು ಔಷಧಿ ಜೊತೆಗಿದ್ರೆ ಸಹಾಯ, ಇಲ್ಲದಿದ್ರೆ, ಬೇರೆ ಕ್ಯಾನ್ಸರ್ ಆದ್ರೆ, ಹಾನಿ. ಯಾವ ಕ್ಯಾನ್ಸರ್, ಯಾವ ಜೀನ್, ಯಾವ ಔಷಧಿ ಅಂತ ಗೊತ್ತಿಲ್ಲದೆ "ಇದು ತಿನ್ನಿ, ಅದು ಬಿಡಿ" ಅನ್ನೋಕೆ ನಾನು ಯಾರು?

ಕ್ಯಾನ್ಸರನ್ನ ಹಸಿವಿನಿಂದ ಕೊಲ್ಲೋ ಯೋಚನೆಯೇ ತಪ್ಪು ಅಂತ ಅಲ್ಲ. ಇತಿಹಾಸದಲ್ಲಿ ಅದು ಗೆದ್ದೂ ಇದೆ. 1940ರ ದಶಕದಲ್ಲಿ ಬಾಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್, ಫೋಲಿಕ್ ಆಮ್ಲದ ಥರದ ಪದಾರ್ಥ ಕೊಟ್ಟಾಗ ರಕ್ತ ಕ್ಯಾನ್ಸರ್ ಇದ್ದ ಮಕ್ಕಳಲ್ಲಿ ಕಾಯಿಲೆ ಹೆಚ್ಚಾದಂತೆ ಕಂಡರು. ಸೊಪ್ಪಿನಲ್ಲಿ ಇರುತ್ತಲ್ಲ, ಆ ಫೋಲಿಕ್ ಆಮ್ಲ. ಅವರು ಮಕ್ಕಳಿಗೆ ಸೊಪ್ಪು ಬಿಡಿಸಿ ಕೂರಲಿಲ್ಲ. ಫೋಲಿಕ್ ಆಮ್ಲದ ವೇಷ ಹಾಕಿ, ಅದರ ಕೆಲಸ ತಡೆಯೋ ಅಣು ಬೇಕು ಅಂದ್ರು. ಆ ಅಣು, ಅಮಿನೊಪ್ಟೆರಿನ್, ಬಂದದ್ದು ಲೆಡರ್ಲಿ ಪ್ರಯೋಗಾಲಯದಿಂದ. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1948ರಲ್ಲಿ ಫಾರ್ಬರ್ ವರದಿ ಬಂತು. ಮಕ್ಕಳಲ್ಲಿ ಕಾಯಿಲೆ ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟಿತ್ತು. ಅದರ ಸೋದರ ಔಷಧಿ ಮೆಥೊಟ್ರೆಕ್ಸೇಟ್ ಇವತ್ತಿಗೂ ಬಳಕೆಯಲ್ಲಿದೆ.

ಅಂದ್ರೆ ಕೆಲಸ ಮಾಡಿದ್ದು ಅಣು, ಅಳತೆ, ಪರೀಕ್ಷೆ. ಆ ಪರೀಕ್ಷೆ ಎಷ್ಟು ಕಠಿಣ ಅಂತ ಕಾಮರ್ಸ್ ಕಣ್ಣಿಗೆ ಕಾಣೋ ಒಂದು ಸಂಖ್ಯೆ ಇದೆ. ಪ್ರಯೋಗಾಲಯ, ಇಲಿ, ಎಲ್ಲ ದಾಟಿ ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆಗೆ ಬಂದ ಕ್ಯಾನ್ಸರ್ ಔಷಧಿಗಳಲ್ಲಿ ಕೊನೆಗೆ ಮಂಜೂರಾಗೋದು ನೂರಕ್ಕೆ ಸುಮಾರು ಐದು. ಇಲಿಯಲ್ಲಿ ಗೆದ್ದ ತೊಂಬತ್ತೈದು ಮನುಷ್ಯರಲ್ಲಿ ಸೋಲ್ತವೆ. ನಾವು ಮಾತ್ರ ಇಲಿಯ ಸುದ್ದಿ ಓದಿ ಸಂಜೆ ಹೊತ್ತಿಗೆ ಅಡುಗೆಮನೆ ಬದಲಾಯಿಸ್ತೀವಿ.

ಹಾಗಾದ್ರೆ ಏನು ಮಾಡಬೇಕು? ನಮಗೆ ಡಯಟೀಷಿಯನ್ ಹೇಳಿದ್ದು, ನಾನು ಓದಿದ್ದು, ಎರಡನ್ನೂ ಸೇರಿಸಿ ಹೇಳ್ತೀನಿ.

ಒಂದು, ಆರೋಗ್ಯವಾಗಿರೋರು ಸಕ್ಕರೆ ಕಡಿಮೆ ಮಾಡೋದು ಒಳ್ಳೇದೇ. ದಿನದ ಕ್ಯಾಲೊರಿಯಲ್ಲಿ ನೂರಕ್ಕೆ 10ಕ್ಕಿಂತ ಕಡಿಮೆ ಪಾಲು ಮಾತ್ರ ಹೊರಗಿನ ಸಕ್ಕರೆಯಿಂದ ಬರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಅತಿ ತೂಕಕ್ಕೂ ಹದಿಮೂರು ಬಗೆಯ ಕ್ಯಾನ್ಸರ್‌ಗೂ ನಂಟಿದೆ. ಆದ್ರೆ ಇದು ಕಾಯಿಲೆ ಬಾರದಿರೋಕೆ. ಚಿಕಿತ್ಸೆ ನಡೀತಾ ಇರೋ ಮೈಗೆ ಲೆಕ್ಕವೇ ಬೇರೆ.

ಎರಡು, ಚಿಕಿತ್ಸೆ ಹೊತ್ತಲ್ಲಿ ಜಿಐ ಮುಖ್ಯ ಆಗೋ ಸಂದರ್ಭ ಇವೆ. ಮೊದಲೇ ಡಯಾಬಿಟಿಸ್ ಇದ್ರೆ, ಕೀಮೋ ಜೊತೆ ಕೊಡೋ ಸ್ಟೀರಾಯ್ಡ್‌ನಿಂದ ಸಕ್ಕರೆ ಏರ್ತಿದ್ರೆ, ಆಲ್ಪೆಲಿಸಿಬ್ ಥರದ ಮಾತ್ರೆ ತಗೊಳ್ತಿದ್ರೆ. ಅದನ್ನ ರಕ್ತ ಪರೀಕ್ಷೆ ನೋಡಿ ಡಾಕ್ಟರ್ ಹೇಳ್ತಾರೆ.

ಮೂರು, ಪ್ರತಿ ವಾರ ತೂಕ ನೋಡಿ, ಬರೆದಿಡಿ. ಇಳೀತಿದ್ರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಫೋನ್ ಮಾಡಿ.

ನಾಲ್ಕು, ಏನೇ ಪುಡಿ, ಪೊಟ್ಟಣ, ಕಷಾಯ ಶುರು ಮಾಡಿದ್ರೂ ಅದನ್ನ ಕೈಯಲ್ಲಿ ಹಿಡ್ಕೊಂಡು ಹೋಗಿ ತೋರಿಸಿ. ಹಿಂಬದಿಯ ಲೇಬಲ್ ಓದಿ. ಮುಂಬದಿ ಜಾಹೀರಾತು, ಹಿಂಬದಿ ಲೆಕ್ಕಪತ್ರ.

ಡಯಟೀಷಿಯನ್ ನಮಗೆ ಬರೆದುಕೊಟ್ಟಿದ್ದು ಯಾವ ಆಮದು ಸಾಮಾನೂ ಅಲ್ಲ. ಮೆತ್ತಗಿನ ಮೊಸರನ್ನ, ಮೊಟ್ಟೆ, ಬೇಳೆಕಟ್ಟು, ಹಾಲು ಹಾಕಿದ ರಾಗಿ ಗಂಜಿ, ಬಾಳೆಹಣ್ಣು. ಒಂದೇ ಸಲ ತಟ್ಟೆ ತುಂಬಾ ಬೇಡ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಕಾಫಿಗೆ ಸಕ್ಕರೆ? "ಹಾಕ್ಕೊಳ್ಳಿ, ಅದರಿಂದ ಎರಡು ಗುಟುಕು ಹಾಲು ಒಳಗೆ ಹೋಗುತ್ತೆ ಅಂದ್ರೆ ಹಾಕ್ಕೊಳ್ಳಿ."

ದೊಡ್ಡಮ್ಮನ ಕೀಮೋ ಮುಗೀತು, ರೇಡಿಯೇಷನ್ ಮುಗೀತು. ಈಗ ಊರಲ್ಲಿದ್ದಾರೆ, ಆರು ತಿಂಗಳಿಗೊಮ್ಮೆ ಚೆಕಪ್. ತೂಕ 57ಕ್ಕೆ ಬಂದು ನಿಂತಿದೆ. ಹೋದ ತಿಂಗಳು ಹೋಗಿದ್ದಾಗ ಕೊನೆಗೂ ಕೇಳಿದೆ, "ಅವತ್ತು ನನ್ನ ಹೆಸರು ಯಾಕೆ ಹೇಳಲಿಲ್ಲ ದೊಡ್ಡಮ್ಮ?" ಅಂತ. ಅವರು ಲೋಟ ಮುಂದಿಟ್ಟು, "ನೀನೇನ್ ಕೆಟ್ಟದಾಗ್ಲಿ ಅಂತ ಮಾಡಿದ್ಯೇನೋ? ಕಾಫಿ ಕುಡಿ, ಆರೋಗುತ್ತೆ" ಅಂದ್ರು. ಆ ಪೊಟ್ಟಣ ಇನ್ನೂ ಅವರ ಶೆಲ್ಫಲ್ಲೇ ಇದೆ, ಅರ್ಧ ಉಳಿದಿದೆ. ದುಡ್ಡು ಕೊಟ್ಟಿದ್ದು ಅಂತ ಎಸೆದಿಲ್ಲ.

ನಿಮ್ಮ ಮನೆಯಲ್ಲೂ ನನ್ನಂಥ "ಇಂಟರ್ನೆಟ್ ಗೊತ್ತಿರೋ ಹುಡುಗ" ಇದ್ರೆ, ಅಥವಾ ಅದು ನೀವೇ ಆಗಿದ್ರೆ, ಫ್ಯಾಮಿಲಿ ಗ್ರೂಪಿಗೆ ಏನಾದ್ರೂ ಹಾಕೋ ಮುಂಚೆ ಒಂದು ಫೋನ್ ಮಾಡಿ, ಆಸ್ಪತ್ರೆಗೆ. ಪೇಷೆಂಟ್ ನಿಮ್ಮನ್ನ ನಂಬ್ತಾರೆ. ಅದಕ್ಕೇ ಹೇಳ್ತಿರೋದು.

ಇವತ್ತಿಗೆ ಇಷ್ಟು. ನಿಮ್ಮ ಅನುಭವ, ಪ್ರಶ್ನೆ ಇದ್ರೆ ಬರೀರಿ. ಮುಂದಿನ ಸಂಚಿಕೆಯಲ್ಲಿ ಕ್ಯಾನ್ಸರ್ ಔಷಧಿಗಳ ಬೆಲೆ ಹೇಗೆ ನಿರ್ಧಾರ ಆಗುತ್ತೆ ಅಂತ ನೋಡೋಣ. ಅದು ನನ್ನ ಸಬ್ಜೆಕ್ಟು, ಸ್ವಲ್ಪ ಧೈರ್ಯವಾಗಿ ಮಾತಾಡ್ತೀನಿ. ಅಲ್ಲಿವರೆಗೂ ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಮಸ್ಕಾರ.